ಒಂದೇ ಅಕ್ಷರಗಳ ಇಂಗ್ಲಿಷ್ ಪದಗಳು: ಅರ್ಥದಲ್ಲೂ ನಂಟಿದೆಯಾ?

ಮೂರನೇ ಬೆಂಚು

ಎಲ್ಲರಿಗೂ ನಮಸ್ಕಾರ. ಪರೀಕ್ಷೆಗೆ ಇಂಗ್ಲಿಷ್ ಪದಗಳನ್ನು ಓದುತ್ತಿದ್ದೇನೆ. ಸಿಕ್ಕ ಪಟ್ಟಿಗಳೆಲ್ಲ ಅಕ್ಷರದ ಲೆಕ್ಕದಲ್ಲೇ ಇವೆ. ಇಂಥ ಎರಡು ಅಕ್ಷರದಿಂದ ಶುರುವಾಗುವ ಪದಗಳು, ಪಕ್ಕದಲ್ಲಿ ಅರ್ಥ, ಅಷ್ಟೇ. ಬಾಯಿಪಾಠ ಮಾಡಿದರೆ ಸಂಜೆಗೆ ನೆನಪಿರುತ್ತೆ, ಮಾರನೇ ದಿನ ಅರ್ಧ ಹೋಗಿರುತ್ತೆ.

ಆದರೆ ಓದುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಜಿ-ಎಲ್ ಪಟ್ಟಿಯಲ್ಲಿ ಗ್ಲೋ, ಗ್ಲೀಮ್, ಗ್ಲಿಟರ್, ಗ್ಲಿಮರ್, ಗ್ಲಿಂಟ್, ಗ್ಲಿಸನ್, ಗ್ಲೇರ್, ಗ್ಲಾಸ್ ಎಲ್ಲವೂ ಬೆಳಕು ಅಥವಾ ಹೊಳಪಿಗೆ ಸೇರಿದವು. ಡಬ್ಲ್ಯೂ-ಆರ್ ಪಟ್ಟಿಯಲ್ಲಿ ತಿರುಚುವುದು, ಸುತ್ತುವುದು, ಹಿಂಡುವುದು ಇಂಥವೇ ಜಾಸ್ತಿ. ಇದು ಸುಮ್ನೆ ಕಾಕತಾಳೀಯವಾ? ಅಲ್ಲ ಅನ್ನುವುದಾದರೆ ಗ್ಲೂ, ಗ್ಲೋವ್, ಗ್ಲೋಬ್ ಯಾಕೆ ಹೊಳೆಯುವುದಿಲ್ಲ? ಅಕ್ಷರ ನೋಡಿ ಅರ್ಥ ಊಹಿಸುವುದು ನಂಬಬಹುದಾದ ದಾರಿಯಾ, ಇಲ್ಲಾ ಕೈಕೊಡುತ್ತಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಹಸಿರು ಶಾಯಿ

ಒಳ್ಳೆ ಪ್ರಶ್ನೆ. ಕಾಕತಾಳೀಯ ಅಲ್ಲ, ಹಾಗಂತ ನಿಯಮವೂ ಅಲ್ಲ.

ಧ್ವನಿಗೂ ಅರ್ಥಕ್ಕೂ ಹೀಗೆ ಗುಂಪುಗುಂಪಾಗಿ ನಂಟು ಕಾಣುವುದನ್ನು ಭಾಷಾಶಾಸ್ತ್ರಜ್ಞರು ಗಮನಿಸಿದ್ದಾರೆ. ಅದಕ್ಕೆ ‘ಫೋನೆಸ್ಥೀಮ್’ ಅಂತ ಹೆಸರಿಟ್ಟವರು ಇಂಗ್ಲೆಂಡಿನ ಜೆ. ಆರ್. ಫರ್ತ್, 1930ರಲ್ಲಿ. ಜಿ-ಎಲ್ ಗುಂಪು ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ.

ಈ ಗುಂಪಿನ ಹಿಂದೆ ನಿಜವಾದ ಒಂದು ಮನೆತನವೂ ಇದೆ. ಇಂಗ್ಲಿಷ್, ಲ್ಯಾಟಿನ್, ಗ್ರೀಕ್, ಸಂಸ್ಕೃತ ಎಲ್ಲಕ್ಕೂ ಪೂರ್ವಜ ಭಾಷೆಯಾದ ಇಂಡೋ-ಯುರೋಪಿಯನ್ ಮೂಲದಲ್ಲಿ ‘ಘೆಲ್’ ಅಂತ ಒಂದು ಧಾತು, ಹೊಳೆ ಅನ್ನುವ ಅರ್ಥದ್ದು. ಗೋಲ್ಡ್ ಮತ್ತು ಯೆಲ್ಲೋ ಕೂಡ ಅದರಿಂದಲೇ ಬಂದವು. ಸಂಸ್ಕೃತದ ‘ಹಿರಣ್ಯ’ ಸಹ ಅದೇ ಕಡೆಯದು. ನಮಗೆ ಖುಷಿ ಅಂತಲೇ ಗೊತ್ತಿರುವ ‘ಗ್ಲ್ಯಾಡ್’ ಹಳೇ ಇಂಗ್ಲಿಷಿನಲ್ಲಿ ಹೊಳೆಯುವ, ಪ್ರಕಾಶಮಾನ ಅನ್ನುವ ಅರ್ಥದಲ್ಲಿತ್ತು. ಮುಖ ಬೆಳಗಿತು ಅಂತ ನಾವು ಹೇಳುವುದಿಲ್ವಾ, ಹಾಗೇ ಅಲ್ಲಿಯೂ ಹೊಳಪು ಖುಷಿಯಾಯಿತು.

ಗ್ಲೂ, ಗ್ಲೋಬ್ ಎರಡೂ ಲ್ಯಾಟಿನ್ ಮೂಲದವು. ಗ್ಲೇಸಿಯರ್ ಸಹ ಲ್ಯಾಟಿನ್ನಿನ ಮಂಜುಗಡ್ಡೆಯಿಂದ ಬಂದದ್ದು. ಗ್ಲೋವ್ ಹಳೇ ಇಂಗ್ಲಿಷಿನದೇ, ಆದರೆ ಬೇರೆ ಬುಡ. ಇವಕ್ಕೂ ಹೊಳಪಿಗೂ ಸಂಬಂಧ ಇಲ್ಲ.

ಅರ್ಥ ಉಳಿಯಬೇಕಾದರೆ ‘ಹೊಳೆ’ ಅಂತ ಎಲ್ಲದರ ಮುಂದೆ ಒಂದೇ ಪದ ಬರೆಯಬೇಡಿ. ಅಲ್ಲೇ ಎಡವುವುದು. ಒದ್ದೆಯಾದದ್ದು ಹೊಳೆದರೆ ಗ್ಲಿಸನ್. ನೀರು ತುಂಬಿದ ಕಣ್ಣು, ಮಳೆ ನಿಂತ ಮೇಲಿನ ಎಲೆ, ಬೆವರಿದ ಹಣೆ. ಒಂದು ಕ್ಷಣ ಚಕ್ ಅಂತ ಹೊಳೆದು ಮರೆಯಾದರೆ ಗ್ಲಿಂಟ್. ಚಾಕುವಿನ ಅಂಚನ್ನು ತಿರುಗಿಸಿದಾಗ ಕಾಣುವುದು ಅದು, ಯಾರದ್ದಾದರೂ ಕಣ್ಣಲ್ಲಿ ತುಂಟತನ ಮಿಂಚಿದಾಗಲೂ ಅದೇ ಪದ. ಉಜ್ಜಿ ತೊಳೆದ ಲೋಹದ ಪಾತ್ರೆಯ ಹದವಾದ ಹೊಳಪು ಗ್ಲೀಮ್. ನೂರಾರು ಚುಕ್ಕೆಗಳಾಗಿ ಒಡೆದು ಹೊಳೆದರೆ ಗ್ಲಿಟರ್. ದೂರದಲ್ಲಿ ಆರಿಹೋಗುತ್ತೇನೋ ಅನ್ನಿಸುವಂಥ ಮಂದ ಬೆಳಕು ಗ್ಲಿಮರ್, ಅದಕ್ಕೇ ಇಂಗ್ಲಿಷಿನವರು ಕೊನೇ ಆಸೆಯನ್ನು ಗ್ಲಿಮರ್ ಆಫ್ ಹೋಪ್ ಅನ್ನುವುದು. ಜ್ವಾಲೆ ಇಲ್ಲದ ಕೆಂಡದ ಬೆಳಕು ಗ್ಲೋ. ಕಣ್ಣಿಗೆ ಚುಚ್ಚುವಂಥದ್ದು ಗ್ಲೇರ್. ಸಿಟ್ಟಿನಿಂದ ದುರುಗುಟ್ಟಿ ನೋಡುವುದೂ ಗ್ಲೇರ್.

ಓದುಗೂಡು

ಇದಕ್ಕೆ ನಮ್ಮಲ್ಲೇ ಸೊಗಸಾದ ಜೋಡಿ ಇದೆ ನೋಡಿ. ಮಿನುಗು, ಮಿಂಚು, ಮಿಣುಕು, ಮಿರುಗು. ನಾಲ್ಕೂ ‘ಮಿ’, ನಾಲ್ಕೂ ಹೊಳಪು, ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಚಿನ್ನ ಮಿರುಗುತ್ತದೆ, ನಕ್ಷತ್ರ ಮಿನುಗುತ್ತದೆ, ದೀಪ ಮಿಣುಕುತ್ತದೆ. ದೀಪ ಮಿರುಗಿತು ಅಂದರೆ ಕಿವಿಗೆ ಒಪ್ಪುವುದಿಲ್ಲ, ಅಲ್ವಾ? ಗ್ಲೀಮ್ ಅಂದರೆ ಮಿರುಗು, ಗ್ಲಿಮರ್ ಅಂದರೆ ಮಿಣುಕು ಅಂತ ಹಿಡಿದುಕೊಂಡರೆ ಬಾಯಿಪಾಠದ ಗೋಜೇ ಇಲ್ಲ. ಮಿಡತೆ, ಮಿದುಳು, ಮಿತಿ ಅಂತ ಹೊಳೆಯದ ‘ಮಿ’ಗಳೂ ನಮ್ಮಲ್ಲಿವೆ. ಗ್ಲೂ, ಗ್ಲೋಬ್ ಕಂಡು ಕಂಗೆಡಬೇಕಿಲ್ಲ.

ಮೂರನೇ ಬೆಂಚು

ಓದುಗೂಡು ಅವರೇ, ತುಂಬಾ ಚೆನ್ನಾಗಿ ಹೇಳಿದಿರಿ. ‘ಮಿ’ ಇಷ್ಟು ದಿನ ಬಾಯಲ್ಲೇ ಇತ್ತು, ಗಮನಿಸಿರಲಿಲ್ಲ. ಡಬ್ಲ್ಯೂ-ಆರ್ ಬಗ್ಗೆ ಯಾರಾದರೂ ಹೇಳುತ್ತೀರಾ? ಆ ಡಬ್ಲ್ಯೂ ಬಾಯಲ್ಲಿ ಬರುವುದೇ ಇಲ್ಲ, ಬರೆಯುವಾಗ ಮಾತ್ರ ಕಾಟ.

ಕಾಗುಣಿತ

ಆ ಡಬ್ಲ್ಯೂ ಒಂದು ಕಾಲದಲ್ಲಿ ಬಾಯಲ್ಲಿ ಬರುತ್ತಿತ್ತು. ‘ವ್ರ’ ಅಂತ ನಾವು ವ್ರತದಲ್ಲಿ ಹೇಳುವ ಹಾಗೆ, ತುಟಿ ಸ್ವಲ್ಪ ದುಂಡಗೆ ಮಾಡಿ. ಆಮೇಲೆ ಉಚ್ಚಾರದಿಂದ ಹೋಯಿತು, ಬರಹದಲ್ಲಿ ಉಳಿಯಿತು. ಹಾಗೆ ಉಳಿದದ್ದು ಒಳ್ಳೇದೇ ಆಯಿತು ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಅದೇ ಈಗ ಅರ್ಥದ ಗುರುತು.

ಮೊದಲು ಮೈಗೆ ಸಂಬಂಧಿಸಿದ್ದು ನೋಡಿ. ಕೈ ತಿರುಗುವ ಜಾಗ ರಿಸ್ಟ್, ಮಣಿಕಟ್ಟು. ಒದ್ದೆ ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಹಿಂಡುವುದು ರಿಂಗ್. ನಟ್ಟು ತಿರುಗಿಸುವ ಉಪಕರಣ ರೆಂಚ್, ಜೋರಾಗಿ ತಿರುಚಿ ಕೀಳುವುದೂ ರೆಂಚ್. ಮೈಗೆ ಮೈ ಹೆಣೆದು ಕಾದಾಡುವುದು ರೆಸಲ್. ಹುಳದ ಹಾಗೆ ಅತ್ತಿತ್ತ ಹೊರಳಿ ಸಾಗುವುದು ರಿಗಲ್. ನೋವಿಗೆ ಮೈ ಮುರಿದು ಹೊರಳಾಡುವುದು ರೈದ್. ಹೂವನ್ನು ಸುತ್ತಿ ಹೆಣೆದದ್ದು ರೀತ್. ಸುತ್ತಿ ಮುಚ್ಚುವುದು ರ್‍ಯಾಪ್. ಚರ್ಮ ಸುಕ್ಕಾದರೆ ರಿಂಕಲ್. ತುಟಿ ಒಂದು ಕಡೆಗೆ ಓರೆ ಮಾಡಿ ನಕ್ಕರೆ ರೈ ಸ್ಮೈಲ್.

‘ರಾಂಗ್’ ಕೂಡ ಈ ಗುಂಪಿನದೇ. ಮೊದಲ ಅರ್ಥ ತಪ್ಪು ಅಲ್ಲ, ಸೊಟ್ಟ. ಅದಕ್ಕೆ ಎದುರಾದ ‘ರೈಟ್’ ಅಂದರೆ ನೇರ. ನೇರ ನಡೆ, ವಕ್ರಬುದ್ಧಿ ಅಂತ ನಾವೂ ಹೇಳುತ್ತೇವೆ.

ಒಂದು ಎಚ್ಚರಿಕೆ. ಬರೆಯುವುದು ಅನ್ನುವ ‘ರೈಟ್’ನಲ್ಲೂ ಡಬ್ಲ್ಯೂ ಇದೆ, ಆದರೆ ಅದರ ಮೂಲದ ಅರ್ಥ ಗೀರು, ಕೆತ್ತು. ಮರಕ್ಕೋ ಕಲ್ಲಿಗೋ ಗೀರುತ್ತಿದ್ದ ಕಾಲದ ಪದ. ತಿರುಚುವುದಕ್ಕೂ ಅದಕ್ಕೂ ನಂಟಿಲ್ಲ. ಹಡಗು ಒಡೆಯುವ ‘ರೆಕ್’ ಸಹ ಹೊರಗಿನದು.

ಪದಬುಟ್ಟಿ

ಎಸ್-ಎನ್ ಮರೆಯಬೇಡಿ. ಪೂರ್ತಿ ಮೂಗಿನದೇ ಗುಂಪು. ಸ್ನೌಟ್, ಸ್ನೋರ್, ಸ್ನಿಫ್, ಸ್ನಾರ್ಟ್, ಸ್ನಾಟ್, ಸ್ನಿವೆಲ್. ಮೂಗು ಮುರಿದು ಹೀಯಾಳಿಸುವುದು ಸ್ನೀರ್. ಈಜುವಾಗ ಉಸಿರಾಟಕ್ಕೆ ಹಚ್ಚಿಕೊಳ್ಳುವ ಸ್ನಾರ್ಕೆಲ್ ಇಂಗ್ಲಿಷಿಗೆ ಬಂದದ್ದು 20ನೇ ಶತಮಾನದಲ್ಲಿ, ಜರ್ಮನ್ ಜಲಾಂತರ್ಗಾಮಿಯ ಗಾಳಿ ಕೊಳವೆಯ ಹೆಸರಿನಿಂದ. ಬಂದದ್ದು ಹೊರಗಿನಿಂದ, ಸೇರಿದ್ದು ಮಾತ್ರ ಇದೇ ಗುಂಪಿಗೆ.

ಇದರಲ್ಲಿ ನನಗೆ ಅತಿ ಇಷ್ಟವಾದದ್ದು ‘ಸ್ನೀಜ್’. ಸೀನುವುದಕ್ಕೆ ಹಳೇ ಇಂಗ್ಲಿಷಿನಲ್ಲಿ ಇದ್ದ ಪದ ಎಫ್-ಎನ್‌ನಿಂದ ಶುರುವಾಗುತ್ತಿತ್ತು. ‘ಫ್ನ’ ಅಂತ. ಇಂಗ್ಲಿಷಿನಲ್ಲಿ ಆ ಶುರು ಕ್ರಮೇಣ ಮಾಯವಾಯಿತು, ಆಗ ಈ ಪದ ಎಸ್-ಎನ್‌ಗೆ ಬಂದು ನಿಂತಿತು. ಆ ಕಾಲದ ಉದ್ದ ಎಸ್ ನೋಡಲು ಎಫ್ ಥರಾನೇ ಇತ್ತು, ಅದೂ ಒಂದು ಕಾರಣ ಇರಬಹುದು ಅನ್ನುತ್ತಾರೆ. ಆದರೆ ಗೊರಕೆ, ಗೊಣ್ಣೆ, ಮೂತಿ ಎಲ್ಲ ಎಸ್-ಎನ್ ಆಗಿರುವಾಗ ಸೀನೂ ಅಲ್ಲಿಗೆ ಹೋಗಿದ್ದು ಸಹಜವೇ. ಅಂದರೆ ಗುಂಪು ಸುಮ್ಮನೆ ಕೂತಿರುವುದಿಲ್ಲ, ಪಕ್ಕದ ಪದಗಳನ್ನೂ ಎಳೆದುಕೊಳ್ಳುತ್ತದೆ.

ಸ್ನೋ, ಸ್ನೇಕ್ ಅಂತ ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ, ಅವು ಮೂಗಿನವಲ್ಲ.

ನೂರೊಂದು ಪುಟ

ಎಲ್ಲ ಸರಿ ಗೆಳೆಯರೇ. ಆದರೆ ಪರೀಕ್ಷೆ ಹತ್ತಿರ ಇರುವವರಿಗೆ ಇಷ್ಟೆಲ್ಲ ಚರಿತ್ರೆ ಯಾಕೆ? ಲ್ಯಾಟಿನ್, ಗ್ರೀಕ್ ಧಾತುಗಳ ಒಂದು ಪಟ್ಟಿ ಕೊಟ್ಟುಬಿಡಿ. ‘ಸ್ಪೆಕ್ಟ್’ ಅಂದರೆ ನೋಡು, ‘ರಪ್ಟ್’ ಅಂದರೆ ಒಡೆ, ‘ಪೆಡ್’ ಅಂದರೆ ಕಾಲು. ಅಷ್ಟು ಗೊತ್ತಾದರೆ ನೂರಾರು ಪದಗಳು ತಾವಾಗೇ ಬರುತ್ತವೆ.

ಕಾಗುಣಿತ

ಬರುತ್ತವೆ, ಒಪ್ಪುತ್ತೇನೆ. ಸ್ಪೆಕ್ಟ್ ಮತ್ತು ರಪ್ಟ್ ಎರಡೂ ನಂಬಿಗಸ್ತ ಧಾತುಗಳು. ಇನ್‌ಸ್ಪೆಕ್ಟ್ ಒಳಗೆ ಇಣುಕಿ ನೋಡುವುದು. ಪ್ರಾಸ್ಪೆಕ್ಟ್ ಮುಂದೆ ನೋಡುವುದು. ಸರ್ಕಮ್‌ಸ್ಪೆಕ್ಟ್ ಅಂದರೆ ಸುತ್ತಲೂ ನೋಡಿ ಹೆಜ್ಜೆ ಇಡುವವನು, ಹುಷಾರಿನವನು. ರಿಸ್ಪೆಕ್ಟ್ ತಿರುಗಿ ನೋಡುವುದು. ಸಸ್ಪೆಕ್ಟ್ ಕೆಳಗಿನಿಂದ, ಅಂದರೆ ಮರೆಯಿಂದ ನೋಡುವುದು. ಎರಪ್ಟ್ ಒಡೆದು ಹೊರಬರುವುದು, ಇಂಟರಪ್ಟ್ ನಡುವೆ ಒಡೆಯುವುದು, ಅಬ್ರಪ್ಟ್ ಮುರಿದು ಬಿದ್ದ ಹಾಗೆ ಥಟ್ಟನೆ.

ಆದರೆ ‘ಪೆಡ್ ಅಂದರೆ ಕಾಲು’ ಅಂತ ಪಟ್ಟಿ ಬರೆದು ಅಲ್ಲಿಗೇ ಬಿಡುವುದನ್ನು ನಾನು ಒಪ್ಪುವುದಿಲ್ಲ. ಪೆಡಲ್, ಪೆಡೆಸ್ಟ್ರಿಯನ್, ಸೆಂಟಿಪೀಡ್, ಬೈಪೆಡ್ ಕಾಲಿನವು ನಿಜ. ಅದು ಲ್ಯಾಟಿನ್. ಪೀಡಿಯಾಟ್ರಿಕ್ಸ್, ಪೆಡಗಾಗಿ, ಎನ್‌ಸೈಕ್ಲೋಪೀಡಿಯಾ ಇವುಗಳಲ್ಲಿ ಇರುವುದು ಗ್ರೀಕಿನ ಮಗು. ಮಕ್ಕಳ ವೈದ್ಯರನ್ನು ಕಾಲಿನ ವೈದ್ಯರು ಅಂತ ಗುರುತು ಹಾಕಿ ಅಂಕ ಕಳೆದುಕೊಳ್ಳುವುದು ಇಂಥ ಪಟ್ಟಿಗಳಿಂದಲೇ. ಬ್ರಿಟಿಷ್ ಕಾಗುಣಿತದಲ್ಲಿ ಮಗುವಿನ ಪದಕ್ಕೆ ಪಿ ಆದಮೇಲೆ ಎ-ಇ ಎರಡೂ ಬರೆಯುವುದುಂಟು, ಅಲ್ಲಿ ಗುರುತು ಸುಲಭ. ಅಮೆರಿಕದಲ್ಲಿ ಎ ಬಿಟ್ಟರು, ಎರಡೂ ಒಂದೇ ಥರ ಆಯಿತು.

ಇನ್ನೂ ಒಂದು ಇದೆ. ಆರ್ಥೋಪೆಡಿಕ್. ಮೂಳೆ, ಕಾಲು, ನಡಿಗೆ ಎಲ್ಲ ಕಣ್ಮುಂದೆ ಬರುವುದರಿಂದ ಇದು ಕಾಲೇ ಅಂತ ಯಾರಿಗಾದರೂ ಅನ್ನಿಸುತ್ತದೆ. ಅಲ್ಲ. 1741ರಲ್ಲಿ ಫ್ರಾನ್ಸಿನ ವೈದ್ಯ ನಿಕೊಲಾ ಆಂದ್ರಿ, ಮಕ್ಕಳ ಮೈಯ ಸೊಟ್ಟವನ್ನು ನೇರ ಮಾಡುವ ಬಗ್ಗೆ ಬರೆಯುವಾಗ, ನೇರ ಅನ್ನುವ ಗ್ರೀಕ್ ಪದಕ್ಕೆ ಮಗು ಅನ್ನುವ ಗ್ರೀಕ್ ಪದ ಸೇರಿಸಿ ಕಟ್ಟಿದ್ದು. ಆಮೇಲೆ ಅದು ಎಲ್ಲ ವಯಸ್ಸಿನವರ ಮೂಳೆಗೂ ಬಂತು.

‘ಹೋಮೋ’ ಕೂಡ ಹೀಗೆ ಎರಡು. ಹೋಮೋಜೀನಿಯಸ್‌ನಲ್ಲಿ ಗ್ರೀಕಿನ ‘ಒಂದೇ ಥರ’. ಹೋಮಿಸೈಡ್‌ನಲ್ಲಿ ಲ್ಯಾಟಿನ್ನಿನ ‘ಮನುಷ್ಯ’. ‘ಟೆರ್’ ಸಹ ಎರಡು. ಟೆರಿಟರಿ, ಟೆರೇನ್, ಮೆಡಿಟರೇನಿಯನ್ ಅಂದರೆ ನೆಲ. ಟೆರರ್, ಟೆರಿಬಲ್, ಡಿಟರ್ ಅಂದರೆ ಹೆದರಿಕೆ. ಹೂಳುವುದು ಅನ್ನುವ ‘ಇಂಟರ್’ ನೆಲದೊಳಗೆ ಅನ್ನುವುದರಿಂದ ಬಂತು, ನಡುವೆ ಅನ್ನುವ ‘ಇಂಟರ್’ಗೂ ಅದಕ್ಕೂ ಏನೂ ಇಲ್ಲ.

ಮತ್ತೆ ಆ ‘ಇನ್’. ಇನ್‌ವಿಸಿಬಲ್‌ನಲ್ಲಿ ‘ಇಲ್ಲ’. ಇನ್‌ಫ್ಲೇಮಬಲ್‌ನಲ್ಲಿ ‘ಒಳಗೆ’, ಹೊತ್ತಿಕೊಳ್ಳುವ ಅಂತ. ಹೊತ್ತಿಕೊಳ್ಳುವುದಿಲ್ಲ ಅಂತ ಜನ ತಿಳಿದರೆ ಪ್ರಾಣಕ್ಕೇ ಅಪಾಯ. ಅದಕ್ಕೇ ಈಗ ಎಚ್ಚರಿಕೆ ಫಲಕಗಳಲ್ಲಿ ಫ್ಲೇಮಬಲ್ ಅಂತಲೇ ಬರೆಯುವುದು ರೂಢಿ. ಎರಡರ ಅರ್ಥವೂ ಒಂದೇ.

ನೂರೊಂದು ಪುಟ

ಆರ್ಥೋಪೆಡಿಕ್ ಗೊತ್ತಿರಲಿಲ್ಲ. ಸರಿ, ಇನ್ನು ಮೇಲೆ ಪಟ್ಟಿಯಲ್ಲಿ ಪ್ರತಿ ಧಾತುವಿನ ಪಕ್ಕ ಗ್ರೀಕಾ, ಲ್ಯಾಟಿನ್ನಾ ಅಂತಲೂ ಬರೆಯುತ್ತೇನೆ.

ಮೂರನೇ ಬೆಂಚು

ಕೆ-ಎನ್ ಬಗ್ಗೆಯೂ ಹೇಳಿಬಿಡಿ. ನೀ, ನಾಟ್, ನೈಫ್, ನೋ. ಇಲ್ಲೂ ಕೆ ಬಾಯಿಗೆ ಬರುವುದಿಲ್ಲ.

ಹಸಿರು ಶಾಯಿ

ಇಲ್ಲೂ ಅದೇ ಕಥೆ. ಸುಮಾರು 17ನೇ ಶತಮಾನದ ತನಕ ಕೆ ಉಚ್ಚಾರದಲ್ಲಿತ್ತು. ಜರ್ಮನ್ನರು ಇವತ್ತಿಗೂ ಮಂಡಿಗೆ ‘ಕ್ನೀ’ ಅನ್ನುತ್ತಾರೆ, ಕೆ ಸ್ಪಷ್ಟವಾಗಿ ಕೇಳುತ್ತೆ.

ಇದರಲ್ಲಿ ಗಂಟು, ಗುಬುಟು ಥರದ ಪದಗಳು ಜಾಸ್ತಿ. ನಾಟ್ ಗಂಟು, ನಕಲ್ ಬೆರಳಿನ ಗೆಣ್ಣು, ನಾಬ್ ಗುಂಡನೆ ಹಿಡಿ, ನೋಲ್ ಸಣ್ಣ ಗುಡ್ಡ. ನಿಟ್ ಅಂದರೆ ಹೆಣೆಯುವುದು, ಅದು ಗಂಟು ಹಾಕುವುದರಿಂದಲೇ ಬಂದದ್ದು. ನೈಟ್, ಅಂದರೆ ಕುದುರೆ ಏರಿದ ವೀರ, ಹಳೇ ಇಂಗ್ಲಿಷಿನಲ್ಲಿ ಬರೀ ಹುಡುಗ, ಆಳು. ಜರ್ಮನ್ನಿನಲ್ಲಿ ಅದರ ಜೋಡಿ ಪದಕ್ಕೆ ಇನ್ನೂ ಆಳು ಅಂತಲೇ ಅರ್ಥ.

ಇನ್ನು ‘ನೋ’, ಅಂದರೆ ತಿಳಿ. ಇದನ್ನು ನಮ್ಮ ‘ಜ್ಞಾನ’ದ ಪಕ್ಕ ಇಡಿ. ಜ್ಞಾನವನ್ನು ನಾವು ಬಾಯಲ್ಲಿ ಹೇಳುವುದು ‘ಗ್ನಾನ’ ಅಂತಲೇ ಹೆಚ್ಚು ಕಡಿಮೆ. ಗ್ರೀಕಿನಲ್ಲಿ ‘ಗ್ನೋಸಿಸ್’. ಲ್ಯಾಟಿನ್ನಿನಲ್ಲಿ ‘ಗ್ನೋ’, ಅದರಿಂದಲೇ ಇಗ್ನೋರ್, ಕಾಗ್ನಿಶನ್, ರೆಕಗ್ನೈಸ್. ಗ್ರೀಕ್ ಕಡೆಯಿಂದ ಡಯಾಗ್ನೋಸಿಸ್, ಆಗ್ನಾಸ್ಟಿಕ್. ಇಂಗ್ಲಿಷಿನ ಸ್ವಂತ ಪದದಲ್ಲಿ ಗ ಹೋಗಿ ಕ ಆಯಿತು, ಆಮೇಲೆ ಆ ಕ ಮೌನವಾಯಿತು. ಹಾಗಾಗಿ ಆ ಬೇಡವೆನಿಸುವ ಕೆ ನಿಜವಾಗಿ ನಮ್ಮ ಜ್ಞಾನದ ‘ಜ’ ಇದೆಯಲ್ಲ, ಅದರ ಒಡಹುಟ್ಟು. ಮಂಡಿಯೂ ಹಾಗೇ. ‘ನೀ’ ಮತ್ತು ಸಂಸ್ಕೃತದ ‘ಜಾನು’ ಒಂದೇ ಬುಡದವು. ಆಜಾನುಬಾಹು ಅನ್ನುವಾಗ ಬರುವ ಜಾನು.

ಒರಟು, ಸಭ್ಯತೆ ಇಲ್ಲದ ಅನ್ನುವ ‘ಅನ್‌ಕೂತ್’ ಸಹ ಈ ಮನೆಯದೇ. ಮೊದಲ ಅರ್ಥ ಗೊತ್ತಿಲ್ಲದ್ದು, ಅಪರಿಚಿತ. ಗೊತ್ತಿಲ್ಲದವರು ಒರಟರು ಅಂತ ಅರ್ಥ ಜಾರಿತು.

ಪದಬುಟ್ಟಿ

ಮೌನಾಕ್ಷರದ ಮಾತು ಬಂದದ್ದರಿಂದ ಒಂದು. ‘ಟೂ’, ಅಂದರೆ ಎರಡು, ಅದರಲ್ಲಿ ಡಬ್ಲ್ಯೂ ಯಾಕಿದೆ ಅಂತ ಮಕ್ಕಳು ಕೇಳುತ್ತಾರೆ. ಟ್ವಿನ್, ಟ್ವೈಸ್, ಟ್ವೆಲ್ವ್, ಟ್ವೆಂಟಿ ಜೊತೆಗೆ ಓದಿಸಿ. ಅಲ್ಲೆಲ್ಲ ಡಬ್ಲ್ಯೂ ಬಾಯಲ್ಲಿದೆ. ಬಿಟ್ವೀನ್ ಅಂದರೆ ಎರಡರ ನಡುವೆ. ಟ್ವೈನ್ ಎರಡು ಎಳೆ ಹೊಸೆದ ದಾರ. ಟ್ವಿಗ್ ಕವಲೊಡೆದ ಕಡ್ಡಿ. ಸಂಸ್ಕೃತದ ‘ದ್ವಿ’ಯಲ್ಲೂ ಆ ವ ಇದೆ.

ಓದುಗೂಡು

ನಾನು ಇನ್ನೊಂದು ಗುಂಪು ತರುತ್ತೇನೆ. ನನಗೆ ಇಂಗ್ಲಿಷಿನಲ್ಲಿ ಇದಕ್ಕಿಂತ ಅಚ್ಚುಕಟ್ಟಾದದ್ದು ಇಲ್ಲ ಅನ್ನಿಸುತ್ತೆ.

ಹಿಯರ್, ದೇರ್, ವೇರ್. ಎಚ್, ಟಿ-ಎಚ್, ಡಬ್ಲ್ಯೂ-ಎಚ್. ನಮ್ಮಲ್ಲಿ ಇಲ್ಲಿ, ಅಲ್ಲಿ, ಎಲ್ಲಿ. ಬರೀ ಮೊದಲ ಅಕ್ಷರ ಬದಲು, ಉಳಿದದ್ದು ಹಾಗೇ. ಇಂಗ್ಲಿಷಿನಲ್ಲೂ ಅಷ್ಟೇ! ಹಿದರ್, ದಿದರ್, ವಿದರ್ ಅಂದರೆ ಇತ್ತ, ಅತ್ತ, ಎತ್ತ. ಹೆನ್ಸ್, ದೆನ್ಸ್, ವೆನ್ಸ್ ಅಂದರೆ ಇಲ್ಲಿಂದ, ಅಲ್ಲಿಂದ, ಎಲ್ಲಿಂದ. ಹಳೇ ಪುಸ್ತಕಗಳಲ್ಲಿ ವಿದರ್, ವೆನ್ಸ್ ಬಂದಾಗ ತುಂಬಾ ಜನ ತಡಕಾಡುತ್ತಾರೆ. ಇಲ್ಲಿ-ಅಲ್ಲಿ-ಎಲ್ಲಿ ಸಾಲಿನಲ್ಲಿ ಕೂರಿಸಿದರೆ ಮರೆಯುವ ಮಾತೇ ಇಲ್ಲ. ಎರಡು ಭಾಷೆಗೂ ರಕ್ತಸಂಬಂಧ ಇಲ್ಲ, ಕನ್ನಡ ದ್ರಾವಿಡ. ಆದರೂ ಇದು, ಅದು, ಯಾವುದು ಅಂತ ಕೈ ತೋರಿಸಿ ಕೇಳುವ ರೀತಿ ಎರಡರಲ್ಲೂ ಇಷ್ಟು ಒಪ್ಪವಾಗಿ ಕೂತಿದೆ.

ಡಬ್ಲ್ಯೂ-ಎಚ್ ಪ್ರಶ್ನೆ ಪದಗಳನ್ನು ಹಳೇ ಇಂಗ್ಲಿಷಿನಲ್ಲಿ ತಿರುವಿ ಎಚ್-ಡಬ್ಲ್ಯೂ ಅಂತ ಬರೆಯುತ್ತಿದ್ದರು, ಹೇಳುವಾಗಲೂ ಎಚ್ ಮೊದಲು. ಲ್ಯಾಟಿನ್ನಿನಲ್ಲಿ ಅದೇ ‘ಕ್ವಿ’, ಸಂಸ್ಕೃತದಲ್ಲಿ ‘ಕಃ, ಕಿಮ್, ಕದಾ’. ಹೌ ಅನ್ನುವುದೂ ಇದೇ ಗುಂಪು, ಅದರಲ್ಲಿ ಡಬ್ಲ್ಯೂ ಮುಂದಿನ ಜಾಗ ಬಿಟ್ಟುಕೊಟ್ಟಿದೆ. ಆದರೆ ಪೂರ್ತಿ ಅನ್ನುವ ‘ಹೋಲ್’ನಲ್ಲಿರುವ ಡಬ್ಲ್ಯೂ ಆಮೇಲೆ ಅಂಟಿಕೊಂಡದ್ದು. ಅದರ ನೆಂಟರು ಹೀಲ್, ಹೆಲ್ತ್, ಹೋಲಿ. ಪ್ರಶ್ನೆಗೂ ಅದಕ್ಕೂ ಸಂಬಂಧ ಇಲ್ಲ.

ಟಿ-ಎಚ್‌ನಲ್ಲಿ ಇನ್ನೊಂದು ಸೂಕ್ಷ್ಮ. ಕನ್ನಡದಲ್ಲಿ ಬರೆದು ನೋಡಿ: ದಟ್, ದಿಸ್, ದೆನ್, ದೇರ್, ದೇ, ದಸ್. ಎಲ್ಲಕ್ಕೂ ‘ದ’. ಈಗ ಇವು: ಥಿಂಕ್, ಥಿನ್, ಥಾರ್ನ್, ಥರ್ಡ್, ಥ್ಯಾಂಕ್ಸ್. ಎಲ್ಲಕ್ಕೂ ‘ಥ’. ಇಂಗ್ಲಿಷ್ ಬರಹದಲ್ಲಿ ಎರಡೂ ಟಿ-ಎಚ್. ಕಿವಿಯಲ್ಲಿ ಎರಡು ಬೇರೆ. ಪದದ ಶುರುವಿನಲ್ಲಿ ‘ದ’ ಬಂದರೆ ಅದು ಬೆರಳು ತೋರಿಸುವ ಅಥವಾ ವಾಕ್ಯ ಜೋಡಿಸುವ ಪುಟ್ಟ ಪದ, ‘ಥ’ ಬಂದರೆ ಸಾಮಾನ್ಯವಾಗಿ ವಸ್ತು, ಗುಣ ಅಥವಾ ಕೆಲಸ ಹೇಳುವ ಪದ. ಇಂಗ್ಲಿಷ್ ಮಕ್ಕಳಿಗೆ ಇದು ಕಣ್ಣಿಗೆ ಕಾಣುವುದಿಲ್ಲ. ನಮ್ಮ ಲಿಪಿಯಲ್ಲಿ ಬರೆದ ತಕ್ಷಣ ಕಾಣುತ್ತೆ.

ಮೂರನೇ ಬೆಂಚು

ಈ ದ-ಥ ವಿಷಯ ಅದ್ಭುತ! ಪುಸ್ತಕ ತೆಗೆದು ನೋಡಿದೆ, ಹಾಗೇ ಇದೆ.

ಇನ್ನೊಂದು ಕಷ್ಟ ಹೇಳಿಕೊಳ್ಳುತ್ತೇನೆ. ಒಂದೆರಡು ಅಕ್ಷರ ಮಾತ್ರ ಬೇರೆ ಇರುವ ಪದಗಳು. ಎಮಿನೆಂಟ್, ಇಮಿನೆಂಟ್. ಅಡಾಪ್ಟ್, ಅಡಾಪ್ಟ್, ಅಡೆಪ್ಟ್. ನೋಡಿ, ಕನ್ನಡದಲ್ಲಿ ಬರೆದರೆ ಮೊದಲ ಎರಡೂ ಒಂದೇ ಆಗುತ್ತೆ. ಸ್ಟೇಷನರಿ ಅಂತೂ ಎರಡು ಥರ. ಇವು ಪರೀಕ್ಷೆಯಲ್ಲಿ ಬಂದೇ ಬರುತ್ತವೆ.

ಕಾಗುಣಿತ

ಇವನ್ನು ಒಟ್ಟಿಗೆ ಒಂದೇ ದಿನ ಓದಬೇಡಿ. ಇದು ನನ್ನ ಖಚಿತ ಅಭಿಪ್ರಾಯ. ಜೋಡಿಯಾಗಿ ಬಾಯಿಪಾಠ ಮಾಡಿದರೆ ಜೋಡಿಯಾಗಿಯೇ ನೆನಪಿಗೆ ಬರುತ್ತವೆ, ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ಒಂದನ್ನು ಪೂರ್ತಿ ಪಳಗಿಸಿ, ನಾಲ್ಕಾರು ವಾಕ್ಯದಲ್ಲಿ ಬಳಸಿ, ಆಮೇಲೆ ಇನ್ನೊಂದಕ್ಕೆ ಬನ್ನಿ.

ಈಗ ಒಂದೊಂದಾಗಿ. ಎಮಿನೆಂಟ್ ಮತ್ತು ಇಮಿನೆಂಟ್ ಅಣ್ಣತಮ್ಮಂದಿರು. ಎರಡರ ಹೊಟ್ಟೆಯಲ್ಲೂ ಚಾಚಿಕೊಂಡಿರು ಅನ್ನುವ ಲ್ಯಾಟಿನ್ ಪದವೇ ಇದೆ. ಇ ಅಂದರೆ ಹೊರಗೆ. ಹೊರಗೆ ಚಾಚಿ ಎದ್ದು ಕಾಣುವವರು ಎಮಿನೆಂಟ್, ಗಣ್ಯರು. ಐ-ಎಂ ಅಂದರೆ ಮೇಲೆ. ತಲೆಯ ಮೇಲೆ ಚಾಚಿ ಈಗಲೋ ಆಗಲೋ ಬೀಳುವಂತಿರುವುದು ಇಮಿನೆಂಟ್, ಇನ್ನೇನು ಆಗಲಿರುವುದು. ಪ್ರಾಮಿನೆಂಟ್ ಮುಂದಕ್ಕೆ ಚಾಚಿದ್ದು.

ಅಡಾಪ್ಟ್ ಇತ್ಯಾದಿ ಹಾಗಲ್ಲ, ಮೂರೂ ಬೇರೆ ಬೇರೆ ಲ್ಯಾಟಿನ್ ಕ್ರಿಯಾಪದಗಳಿಂದ ಬಂದವು. ನಡುವೆ ‘ಎ-ಪಿ-ಟಿ’ ಇದ್ದರೆ ಆಪ್ಟ್, ಅಂದರೆ ಹೊಂದುವುದು. ಹೊಸ ಜಾಗಕ್ಕೆ ಹೊಂದಿಕೊಳ್ಳುವುದು ಅದು. ‘ಒ-ಪಿ-ಟಿ’ ಇದ್ದರೆ ಆಪ್ಷನ್‌ನಲ್ಲಿರುವ ಆಯ್ಕೆ. ಮಗುವನ್ನು ದತ್ತು ತೆಗೆದುಕೊಳ್ಳುವುದು ಆರಿಸಿ ತನ್ನದು ಮಾಡಿಕೊಳ್ಳುವುದೇ ತಾನೆ. ‘ಇ-ಪಿ-ಟಿ’ ಇರುವ ಅಡೆಪ್ಟ್, ಸಾಧಿಸಿದವನು, ಪಳಗಿದವನು.

ಸ್ಟೇಷನರಿ ಎರಡೂ ಒಂದೇ ತಾಯಿಯ ಮಕ್ಕಳು. ‘ಎ-ಆರ್-ವೈ’ ಇರುವುದು ನಿಂತಲ್ಲೇ ನಿಂತದ್ದು. ಪುಸ್ತಕ, ಕಾಗದ ಮಾರುವವರು ಊರೂರು ತಿರುಗದೆ ಒಂದೇ ಕಡೆ ಅಂಗಡಿ ಇಟ್ಟು ಕೂರುತ್ತಿದ್ದರು, ಅದಕ್ಕೇ ಅವರಿಗೆ ಸ್ಟೇಷನರ್ ಅಂತ ಹೆಸರು ಬಂತು. ಅವರು ಮಾರುವ ಸಾಮಾನು ‘ಇ-ಆರ್-ವೈ’. ಸ್ಟೇಷನರ್ ಅನ್ನುವ ಮನುಷ್ಯನನ್ನು ನೆನಪಿಡಿ, ಇ ತಾನಾಗೇ ಬರುತ್ತದೆ.

ನೂರೊಂದು ಪುಟ

ಡೆಟ್, ಡೌಟ್ ಎರಡರಲ್ಲೂ ಬಿ ಇದೆಯಲ್ಲ, ಅದು ಕೂಡ ಹಿಂದೆ ಬಾಯಲ್ಲಿ ಬರುತ್ತಿತ್ತಾ?

ಕಾಗುಣಿತ

ಇಂಗ್ಲಿಷಿನಲ್ಲಿ ಬರುತ್ತಿರಲಿಲ್ಲ. ಎರಡೂ ಫ್ರೆಂಚಿನಿಂದ ಬಿ ಇಲ್ಲದೇ ಬಂದವು. ಲ್ಯಾಟಿನ್ನಿನಲ್ಲಿ ಬಿ ಇದೆಯಲ್ಲ ಅಂತ ಪಂಡಿತರು ಆಮೇಲೆ ಬರಹಕ್ಕೆ ಸೇರಿಸಿದರು. ಉಪಯೋಗ ಏನಂದರೆ ಡೆಟ್ ಪಕ್ಕ ಡೆಬಿಟ್ ಕಾಣುತ್ತೆ, ಡೌಟ್ ಪಕ್ಕ ಡ್ಯೂಬಿಯಸ್ ಕಾಣುತ್ತೆ. ಐಲೆಂಡ್‌ನಲ್ಲಿರುವ ಎಸ್ ಮಾತ್ರ ಶುದ್ಧ ತಪ್ಪು ಸೇರ್ಪಡೆ. ಅದು ಹಳೇ ಇಂಗ್ಲಿಷ್ ಪದ, ದ್ವೀಪ ಅನ್ನುವ ಇನ್ನೊಂದು ಪದ, ಲ್ಯಾಟಿನ್ ಮೂಲದ ಐಲ್‌ನ ಎಸ್ ತಂದು ಇದಕ್ಕೂ ಹಚ್ಚಿದರು. ಕುಡ್‌ನ ಎಲ್ ಸಹ ವುಡ್, ಶುಡ್ ನೋಡಿ ಬಂದದ್ದು.

ಮೂರನೇ ಬೆಂಚು

ಇವತ್ತು ಎಫ್-ಎಲ್ ಗುಂಪು ನಾನೇ ಕಟ್ಟಿದೆ. ಫ್ಲೋ, ಫ್ಲಡ್, ಫ್ಲೋಟ್, ಫ್ಲೂಯಿಡ್, ಫ್ಲೂಯೆಂಟ್, ಇನ್‌ಫ್ಲುಯೆನ್ಸ್. ಎಲ್ಲ ಹರಿಯುವುದೇ, ಅಲ್ವಾ? ಒಂದೇ ಮನೆ ಅಂತ ಬರೆದುಕೊಳ್ಳಲಾ?

ಹಸಿರು ಶಾಯಿ

ನೆನಪಿಗೆ ಒಟ್ಟಿಗೆ ಇಟ್ಟುಕೊಳ್ಳಿ, ತೊಂದರೆ ಇಲ್ಲ. ಆದರೆ ಮನೆ ಒಂದಲ್ಲ, ಎರಡು. ಇದು ನೋಡಿದವರನ್ನೆಲ್ಲ ನಂಬಿಸುವ ಜೋಡಿ.

ಫ್ಲೋ, ಫ್ಲಡ್, ಫ್ಲೋಟ್ ಇಂಗ್ಲಿಷಿನ ಸ್ವಂತ ಪದಗಳು. ಫ್ಲೂಯಿಡ್, ಫ್ಲೂಯೆಂಟ್, ಇನ್‌ಫ್ಲುಯೆನ್ಸ್ ಲ್ಯಾಟಿನ್ನಿನವು. ಇವು ನೆಂಟರಲ್ಲ ಅಂತ ಹೇಗೆ ಗೊತ್ತು ಅಂದರೆ, ಜರ್ಮನ್ ಭಾಷಾಶಾಸ್ತ್ರಜ್ಞ ಜೇಕಬ್ ಗ್ರಿಮ್ 1822ರಲ್ಲಿ ಬಿಡಿಸಿಟ್ಟ ಧ್ವನಿನಿಯಮದಿಂದ. ಅವರಿಗೂ ಸ್ವಲ್ಪ ಮೊದಲು ಡೆನ್ಮಾರ್ಕಿನ ರಾಸ್ಮುಸ್ ರಾಸ್ಕ್ ಇದನ್ನು ಗುರುತಿಸಿದ್ದರು. ಮೂಲದ ‘ಪ’ ಲ್ಯಾಟಿನ್, ಗ್ರೀಕ್, ಸಂಸ್ಕೃತದಲ್ಲಿ ಪ ಆಗೇ ಉಳಿಯಿತು, ಇಂಗ್ಲಿಷ್ ಕಡೆಯಲ್ಲಿ ಫ ಆಯಿತು. ಮೂಲದ ‘ಭ’ ಲ್ಯಾಟಿನ್ನಿನ ಪದದ ಶುರುವಿನಲ್ಲಿ ಫ ಆಯಿತು, ಇಂಗ್ಲಿಷಿನಲ್ಲಿ ಬ ಆಯಿತು. ಭ್ರಾತೃ, ಲ್ಯಾಟಿನ್ನಿನ ಫ್ರಾತೆರ್, ಇಂಗ್ಲಿಷಿನ ಬ್ರದರ್ ನೋಡಿ.

ಹಾಗಾದರೆ ಇಂಗ್ಲಿಷಿನ ಸ್ವಂತ ‘ಫ್ಲೋ’ಗೆ ಲ್ಯಾಟಿನ್ನಿನಲ್ಲಿ ‘ಪ್ಲ’ ಇರುವ ನೆಂಟ ಸಿಗಬೇಕು. ಸಿಗುತ್ತದೆ, ಮಳೆಗೆ ಸಂಬಂಧಿಸಿದ ಪ್ಲೂವಿಯಲ್. ಸಂಸ್ಕೃತದಲ್ಲಿ ‘ಪ್ಲವ’, ತೇಲುವುದು. ಫ್ಲೂಯಿಡ್‌ನ ಫ ಲ್ಯಾಟಿನ್ನಿನ ಫ, ಅದು ಹುಟ್ಟಿದ್ದು ಭದಿಂದ. ಅಕ್ಷರ ಒಂದೇ, ಅರ್ಥ ಒಂದೇ, ಆದರೂ ಸಂಬಂಧ ಇಲ್ಲ. ಅದೇ ಫೆದರ್ ನೋಡಿ. ಹಕ್ಕಿಯ ಗರಿ. ಅದಕ್ಕೆ ಗ್ರೀಕಿನಲ್ಲಿ ‘ಪ್ಟೆರಾನ್’, ಸಂಸ್ಕೃತದಲ್ಲಿ ‘ಪತ್ರ’. ಹೆಲಿಕಾಪ್ಟರ್‌ನ ಕೊನೆಯಲ್ಲಿರುವುದು ಆ ಪ್ಟೆರಾನ್. ಪಿ-ಟಿ ಒಂದು ಕಡೆ, ಎಫ್-ಟಿಎಚ್ ಇನ್ನೊಂದು ಕಡೆ. ಶುರುವಿನ ಧ್ವನಿ ಸೇರುವುದಿಲ್ಲ, ನೆಂಟರು ಮಾತ್ರ ಹೌದು.

ಮೂರನೇ ಬೆಂಚು

ಅಂದರೆ ಫುಟ್-ಪಾದ, ಫಾದರ್-ಪಿತೃ, ಫೈವ್-ಪಂಚ, ಫುಲ್-ಪೂರ್ಣ ಎಲ್ಲ ಇದೇ ಲೆಕ್ಕವಾ? ಹಾಗಿದ್ದರೆ ಫ್ರಂಟ್‌ಗೆ ಏನು?

ಹಸಿರು ಶಾಯಿ

ನಾಲ್ಕೂ ಸರಿ. ಫ್ರಂಟ್ ಈ ಲೆಕ್ಕಕ್ಕೆ ಬರುವುದಿಲ್ಲ. ಅದು ಲ್ಯಾಟಿನ್ನಿನ ಹಣೆ ಅನ್ನುವ ಪದ, ಫ್ರೆಂಚ್ ದಾರಿಯಲ್ಲಿ ತುಂಬಾ ತಡವಾಗಿ ಇಂಗ್ಲಿಷಿಗೆ ಬಂದದ್ದು. ಅಷ್ಟು ಹೊತ್ತಿಗೆ ಈ ಧ್ವನಿ ಬದಲಾವಣೆ ಮುಗಿದು ಸಾವಿರ ವರ್ಷಕ್ಕೂ ಜಾಸ್ತಿ ಆಗಿತ್ತು. ಹೊಸ ಪದ ಸಿಕ್ಕಾಗ ಮೊದಲು ಅದು ಸ್ವಂತದ್ದಾ, ಎರವಲಾ ಅಂತ ನಿಘಂಟಿನಲ್ಲಿ ನೋಡಿ, ಆಮೇಲೆ ಜೋಡಿ ಹುಡುಕಿ. ನಾಳೆ ಎಚ್ ಹಿಡಿಯಿರಿ. ಹಾರ್ನ್, ಹಾರ್ಟ್, ಹಂಡ್ರೆಡ್ ಮೂರಕ್ಕೂ ಲ್ಯಾಟಿನ್ನಿನಲ್ಲಿ ಕ ಇರುವ ನೆಂಟರಿದ್ದಾರೆ. ಹುಡುಕಿ ಇಲ್ಲೇ ಬರೆಯಿರಿ, ನೋಡೋಣ.